ಮಾತ್ರೆಗೆ ಮೊದಲು ಒಂದು ಹನಿ ರಕ್ತ



ಮಳೆಗಾಲ ಬಂತೆಂದರೆ ಮುಂಬಯಿಯಲ್ಲಿ ಕೊಡೆಯ ಜೊತೆಗೆ ಚಳಿಜ್ವರವೂ ಹೊರಗೆ ಬರುತ್ತದೆ. ಊರಿಗೆ ಹೋದರೆ ತಪ್ಪೀತು ಎನ್ನುವಂತಿಲ್ಲ. ಮಂಗಳೂರು ಕೂಡ ಬಹುಕಾಲದಿಂದ ಮಲೇರಿಯಾಕ್ಕೆ ಹೆಸರಾದ ಪೇಟೆಯೇ. ಹಾಗಾಗಿ ಕ್ಲೋರೋಕ್ವಿನ್ ಮಾತ್ರೆಯ ಕಹಿ ನಮ್ಮಲ್ಲಿ ಅನೇಕರ ನಾಲಗೆಗೆ ಪರಿಚಿತ. ಮೂರು ದಿನ ಆ ಮಾತ್ರೆ, ಅದರ ಜೊತೆಗೇ ಹದಿನಾಲ್ಕು ದಿನ ಇನ್ನೊಂದು ಪುಟ್ಟ ಮಾತ್ರೆ. ಈ ಎರಡನೆಯದರ ಹೆಸರು ಪ್ರೈಮಾಕ್ವಿನ್. ಇವತ್ತಿನ ನನ್ನ ಮಾತು ಆ ಪುಟ್ಟ ಮಾತ್ರೆಯ ಬಗ್ಗೆ, ಮತ್ತು ಅದನ್ನು ತಾಳಿಕೊಳ್ಳಲಾರದ ಕೆಲವರ ರಕ್ತದ ಬಗ್ಗೆ.

ಜ್ವರ ಬಿಟ್ಟ ಮೇಲೂ ಮಾತ್ರೆ ಯಾಕೆ ಎಂದು ಕೇಳುವವರಿದ್ದಾರೆ. ವೈವಾಕ್ಸ್ ಎಂಬ ಜಾತಿಯ ಮಲೇರಿಯಾ ಪರೋಪಜೀವಿ ಬಲು ಕಿಲಾಡಿ. ರಕ್ತದಲ್ಲಿದ್ದುದು ಸತ್ತರೂ ಅದರ ಒಂದಷ್ಟು ಪಾಲು ಪಿತ್ತಜನಕಾಂಗದಲ್ಲಿ ಮಲಗಿ ನಿದ್ದೆ ಹೊಡೆಯುತ್ತಿರುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಎದ್ದು ಮತ್ತೆ ಚಳಿ ಹಿಡಿಸುತ್ತದೆ. ಆ ನಿದ್ದೆಯ ಜಾಗಕ್ಕೇ ಹೋಗಿ ಕೊಲ್ಲುವ ಮದ್ದು ಪ್ರೈಮಾಕ್ವಿನ್. ಆದ್ದರಿಂದ ಅದು ಬೇಕೇ ಬೇಕು. ಆದರೆ ಅದೇ ಮದ್ದು ಕೆಲವರಲ್ಲಿ ಕೆಂಪು ರಕ್ತಕಣಗಳನ್ನು ಒಡೆದುಹಾಕುತ್ತದೆ. ಎರಡು ಮೂರು ದಿನದೊಳಗೆ ಕಣ್ಣು ಹಳದಿಯಾಗುತ್ತದೆ, ಮೂತ್ರ ಕಷಾಯದ ಬಣ್ಣಕ್ಕೆ ತಿರುಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ.

ಈ ಕೆಲವರು ಯಾರು? ಉತ್ತರ ಸಿಕ್ಕಿದ್ದು ಅಮೆರಿಕದ ಒಂದು ಜೈಲಿನಲ್ಲಿ. ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಕಾರಾಗೃಹದಲ್ಲಿ 1944ರಿಂದ ಕೈದಿಗಳ ಮೇಲೆ ಮಲೇರಿಯಾ ಮದ್ದುಗಳ ಪ್ರಯೋಗ ನಡೆಯುತ್ತಿತ್ತು. ಕಂಬಿಯ ಹಿಂದೆ ಇರುವವನ ‘ಒಪ್ಪಿಗೆ’ಗೆ ಎಷ್ಟು ಬೆಲೆ ಎಂಬುದು ಬೇರೆಯೇ ಪ್ರಶ್ನೆ, ಇಂದಿನ ನಿಯಮಗಳಲ್ಲಿ ಅಂಥದ್ದು ನಡೆಯಲಾರದು. ಅಲ್ಲಿ ಪ್ರೈಮಾಕ್ವಿನ್ ಪಡೆದ ಕಪ್ಪು ಜನಾಂಗದ ಕೈದಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ರಕ್ತ ಒಡೆಯುತ್ತಿತ್ತು. ದೋಷ ಇರುವುದು ಎಲ್ಲಿ? ವೈದ್ಯರು ಆ ಕೈದಿಗಳ ರಕ್ತಕಣಗಳಿಗೆ ವಿಕಿರಣದ ಗುರುತು ಹಾಕಿ, ತೊಂದರೆ ಇಲ್ಲದವರ ಮೈಗೆ ಏರಿಸಿ, ಮಾತ್ರೆ ಕೊಟ್ಟರು. ಬೇರೆ ಮೈಯಲ್ಲಿದ್ದರೂ ಆ ಕಣಗಳೇ ಒಡೆದವು. ತಿರುವುಮುರುವು ಮಾಡಿ ನೋಡಿದಾಗ ಸರಿಯಿದ್ದ ಕಣಗಳು ತೊಂದರೆಯವರ ಮೈಯಲ್ಲೂ ಉಳಿದವು. ಅಂದರೆ ಕುಂದು ಇರುವುದು ಕಣದ ಒಳಗೇ. 1956ರಲ್ಲಿ ಕಾರ್ಸನ್, ಆಲ್ವಿಂಗ್ ಮತ್ತು ಸಂಗಡಿಗರು ಆ ಕುಂದಿಗೆ ಹೆಸರು ಹೇಳಿದರು. ಒಂದು ಕಿಣ್ವದ ಕೊರತೆ. ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ ಎಂದು ಅದರ ಪೂರ್ತಿ ಹೆಸರು. ಉಸಿರು ಕಟ್ಟುತ್ತದೆ, ಜಿ6ಪಿಡಿ ಎನ್ನೋಣ.

ಮನೆಯ ಗೇಟಿಗೆ ತುಕ್ಕು ಹಿಡಿಯದಂತೆ ನಾವು ಬಣ್ಣ ಬಳಿಯುತ್ತೇವಲ್ಲ, ರಕ್ತಕಣದಲ್ಲಿ ಅಂಥ ಕೆಲಸ ಈ ಕಿಣ್ವದ್ದು. ಕಬ್ಬಿಣ, ಆಮ್ಲಜನಕ ಎರಡನ್ನೂ ಹೊತ್ತು ತಿರುಗುವ ಕಣಕ್ಕೆ ತುಕ್ಕಿನ ಭಯ ಸದಾ ಇದ್ದದ್ದೇ. ಕೆಲವು ಮದ್ದುಗಳು ಆ ತುಕ್ಕನ್ನು ಹೆಚ್ಚಿಸುತ್ತವೆ. ಬಣ್ಣ ಸಾಕಷ್ಟಿದ್ದವರಿಗೆ ಏನೂ ಆಗದು. ಕಡಿಮೆ ಇದ್ದವರ ಕಣ ಒಡೆಯುತ್ತದೆ. ಮದ್ದು ಮುಟ್ಟದಿದ್ದರೆ ಇವರಲ್ಲಿ ಬಹುಪಾಲು ಜನರಿಗೆ ತಮಗೆ ಇಂಥದೊಂದು ಕೊರತೆ ಇದೆಯೆಂಬುದೇ ಗೊತ್ತಾಗದೆ ಆಯುಷ್ಯ ಕಳೆಯುತ್ತದೆ. ಜಗತ್ತಿನಲ್ಲಿ ಇಂಥವರು ಸುಮಾರು 40 ಕೋಟಿ ಎಂಬ ಅಂದಾಜಿದೆ. ಮಲೇರಿಯಾ ಇದ್ದ ಸೀಮೆಗಳಲ್ಲೇ ಹೆಚ್ಚು, ಏಕೆಂದರೆ ಈ ಕೊರತೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆಯನ್ನೂ ಕೊಡುತ್ತದೆ. ಅಂದರೆ ಆ ಮದ್ದು ಬೇಕಾದ ಊರುಗಳಲ್ಲೇ ಅದು ಆಗದವರೂ ಹೆಚ್ಚು!

ಇದು ದೂರದ ಕಥೆಯಲ್ಲ. ಭಾರತದಲ್ಲಿ ಈ ಕೊರತೆಯ ಮೊದಲ ವರದಿಗಳಲ್ಲಿ ಒಂದು 1963ರಲ್ಲಿ ಇದೇ ಮುಂಬಯಿಯ ಪಾರ್ಸಿ ಸಮುದಾಯದಿಂದ ಬಂತು. ನಮ್ಮ ದೇಶದಲ್ಲಿ ಸಿಗುವ ಅದರ ಒಂದು ರೂಪಕ್ಕೆ ‘ಕೇರಳ-ಕಲ್ಯಾಣ್’ ಎಂದೇ ಹೆಸರು. ನೀವು ದಿನವೂ ಲೋಕಲ್ ಗಾಡಿಯಲ್ಲಿ ದಾಟುವ ಕಲ್ಯಾಣವೇ ಅದು. ಇನ್ನೊಂದು ರೂಪದ ಹೆಸರು ‘ಒರಿಸ್ಸಾ’, ಅಲ್ಲಿನ ಬುಡಕಟ್ಟು ಜನರಲ್ಲಿ ಗುರುತಿಸಿದ್ದು.

ಔಷಧದ ಸುರಕ್ಷತೆಯನ್ನು ಪರೀಕ್ಷಿಸುವವರು ಇವರನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಲ್ಯಾಪ್‌ಡ್ಯಾಪ್ ಎಂಬ ಮಾತ್ರೆಯ ಕಥೆ ಹೇಳಬೇಕು. ಆಫ್ರಿಕಾದ ಬಡವರ ಕೈಗೆಟಕುವ ಮಲೇರಿಯಾ ಮದ್ದು ಬೇಕೆಂದು ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿ, ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವರು ಕೈಜೋಡಿಸಿ ತಂದದ್ದು ಅದು. ಉದ್ದೇಶ ಒಳ್ಳೆಯದೇ. 2003ರಲ್ಲಿ ಬ್ರಿಟನ್ನಿನಲ್ಲಿ ಅನುಮೋದನೆ ಸಿಕ್ಕಿತು. ಅದರಲ್ಲಿದ್ದ ಎರಡು ಮದ್ದುಗಳಲ್ಲಿ ಒಂದು ಡ್ಯಾಪ್ಸೋನ್. ಕುಷ್ಠರೋಗಕ್ಕೆ ಕೊಡುವ ಹಳೆಯ ಮದ್ದು. ಜಿ6ಪಿಡಿ ಕೊರತೆಯವರಿಗೆ ಅದು ಕೆಡುಕು ಎಂದು ಹಿಂದಿನಿಂದ ಗೊತ್ತಿತ್ತು. ಮೂರೇ ದಿನದ ಮಾತ್ರೆ, ಅಷ್ಟೇನೂ ಆಗಲಿಕ್ಕಿಲ್ಲ ಎಂಬ ಲೆಕ್ಕಾಚಾರ. ಮುಂದೆ ಅದಕ್ಕೆ ಮೂರನೆಯ ಮದ್ದು ಸೇರಿಸಿ ಆಫ್ರಿಕಾದಲ್ಲಿ ದೊಡ್ಡ ಪ್ರಯೋಗಗಳನ್ನು ನಡೆಸಿ, ಕಿಣ್ವ ಕಡಿಮೆಯಿದ್ದವರನ್ನು ಬೇರೆಯಾಗಿ ಲೆಕ್ಕ ಹಾಕಿದಾಗ ನಿಜ ಹೊರಬಿತ್ತು. ಅವರ ಹಿಮೋಗ್ಲೋಬಿನ್ ಗಣನೀಯವಾಗಿ ಕುಸಿದಿತ್ತು, ಕೆಲವರಿಗೆ ರಕ್ತ ಕೊಡಬೇಕಾಯಿತು. 2008ರಲ್ಲಿ ಹೊಸ ಮದ್ದಿನ ಕೆಲಸವೂ ನಿಂತಿತು, ಲ್ಯಾಪ್‌ಡ್ಯಾಪ್ ಮಾರುಕಟ್ಟೆಯಿಂದಲೂ ಹೊರಬಂತು.

ಸರಾಸರಿ ಎಂಬುದು ಹೀಗೆ ಮೋಸ ಮಾಡುತ್ತದೆ. ನೂರು ಜನರ ಹಿಮೋಗ್ಲೋಬಿನ್ ಕೂಡಿಸಿ ಭಾಗಿಸಿದರೆ, ಐದಾರು ಮಂದಿಯದು ಪಾತಾಳ ಕಂಡದ್ದು ಕಾಣುವುದೇ ಇಲ್ಲ.

ಇನ್ನು ಮನೆಯ ಮಾತಿಗೆ ಬರೋಣ. ಈ ಕೊರತೆಯ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸರಿಗೆ ಅದು ಒಂದೇ, ತಾಯಿಯಿಂದ ಬಂದದ್ದು. ಅಳಿಯಸಂತಾನ ಕಂಡ ತುಳುನಾಡಿನ ಕೇಳುಗರಿಗೆ ಬಿಡಿಸಿ ಹೇಳಬೇಕಿಲ್ಲ: ಸೋದರಮಾವನಲ್ಲಿದ್ದುದು ಅಳಿಯನಲ್ಲೂ ಇರಬಹುದು, ನಡುವೆ ಅಕ್ಕತಂಗಿಯರು ಅದನ್ನು ಹೊತ್ತಿರುತ್ತಾರೆ. ಹಾಗೆ ಹೊತ್ತ ಹೆಂಗಸರ ಸಂಗತಿಯೇ ಸೂಕ್ಷ್ಮ. ಅವರ ರಕ್ತದಲ್ಲಿ ಸರಿಯಾದ ಕಣಗಳೂ ಕೊರತೆಯ ಕಣಗಳೂ ಬೆರೆತಿರುತ್ತವೆ, ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣ. ಬಹಳ ಕಡೆ ಮಾಡುವ ಅಗ್ಗದ ಪರೀಕ್ಷೆಯಲ್ಲಿ, ರಕ್ತದ ಚುಕ್ಕೆ ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆಯೇ ಎಂದಷ್ಟೇ ನೋಡುತ್ತಾರೆ. ಕಿಣ್ವ ಸುಮಾರು ಶೇಕಡಾ 30ಕ್ಕಿಂತ ಕೆಳಗಿದ್ದರೆ ಅದು ಹಿಡಿಯುತ್ತದೆ. ಶೇಕಡಾ 50 ಇರುವ ಹೆಂಗಸಿಗೆ ‘ನಾರ್ಮಲ್’ ಎಂಬ ಚೀಟಿ ಸಿಗಬಹುದು. ಅವರಿಗೆ ಬೇಕಾದದ್ದು ಪ್ರಮಾಣ ಅಳೆದು ಅಂಕಿ ಕೊಡುವ ಪರೀಕ್ಷೆ.

ಇದು ಈಗ ಇನ್ನೂ ಮುಖ್ಯವಾಗಿದೆ. ಪ್ರೈಮಾಕ್ವಿನ್ ಗಂಟೆಗಳಲ್ಲಿ ಮೈಯಿಂದ ಹೊರಹೋಗುತ್ತದೆ, ಮೂತ್ರದ ಬಣ್ಣ ಕೆಟ್ಟರೆ ಮಾತ್ರೆ ನಿಲ್ಲಿಸಬಹುದು. ಆದರೆ 2018ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಟ್ಯಾಫೆನೋಕ್ವಿನ್ ಒಂದೇ ಸಲ ನುಂಗಿದರೆ ಮುಗಿಯಿತು, ವಾರಗಟ್ಟಲೆ ಮೈಯಲ್ಲಿ ಇರುತ್ತದೆ. ಹದಿನಾಲ್ಕು ದಿನ ನೆನಪಿಟ್ಟು ನುಂಗುವ ತಾಪತ್ರಯ ಇಲ್ಲ ನಿಜ, ಆದರೆ ಹೊಟ್ಟೆಗೆ ಹೋದದ್ದನ್ನು ವಾಪಸು ಕರೆಯುವಂತಿಲ್ಲ. ಅದಕ್ಕೇ ಕಿಣ್ವ ಶೇಕಡಾ 70ಕ್ಕಿಂತ ಹೆಚ್ಚಿದೆಯೆಂದು ಅಳೆದು ನೋಡಿಯೇ ಅದನ್ನು ಕೊಡಬೇಕೆಂಬ ನಿಯಮ.

ಪರೀಕ್ಷೆಯ ಹೊತ್ತೂ ಮುಖ್ಯ. ರಕ್ತ ಒಡೆದ ಕೂಡಲೇ ಪರೀಕ್ಷಿಸಿದರೆ ಫಲಿತಾಂಶ ಸರಿಯಿದೆ ಎಂದು ಬರಬಹುದು. ಕಿಣ್ವ ಕಡಿಮೆಯಿದ್ದ ಮುದಿ ಕಣಗಳು ಆಗಲೇ ಹೋಗಿ, ಹೊಸದಾಗಿ ಹುಟ್ಟಿದ ಎಳೆಯ ಕಣಗಳಷ್ಟೇ ಉಳಿದಿರುತ್ತವೆ, ಅವುಗಳಲ್ಲಿ ಕಿಣ್ವ ಹೆಚ್ಚು. ಬೇರೆಯವರ ರಕ್ತ ಏರಿಸಿದ ಮೇಲೂ ಹೀಗೆಯೇ. ಸುಮಾರು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಿಸಬೇಕು.

ಕೊರತೆ ಇದೆಯೆಂದು ತಿಳಿದವರು ಹೆದರಿ ಎಲ್ಲ ಮದ್ದನ್ನೂ ಬಿಡಬೇಕಿಲ್ಲ. ಮಾರುದ್ದದ ಪಟ್ಟಿಗಳು ಕೈಯಿಂದ ಕೈಗೆ ತಿರುಗುತ್ತಿರುತ್ತವೆ, ಕೆಲವದರಲ್ಲಿ ಪ್ಯಾರಾಸಿಟಮಾಲ್ ಕೂಡ ಇರುತ್ತದೆ. ನನ್ನ ಮಟ್ಟಿಗೆ ಅಂಥ ಪಟ್ಟಿಗಳಿಂದ ಆಗುವ ತೊಂದರೆ ಕಡಿಮೆಯೇನಲ್ಲ. 2010ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಹಳೆಯ ವರದಿಗಳನ್ನೆಲ್ಲ ಜರಡಿ ಹಿಡಿದಾಗ ಗಟ್ಟಿ ಪುರಾವೆ ಸಿಕ್ಕಿದ್ದು ಏಳೇ ಮದ್ದುಗಳಿಗೆ. ಪ್ರೈಮಾಕ್ವಿನ್, ಡ್ಯಾಪ್ಸೋನ್, ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯುರಾಂಟಾಯಿನ್, ಮೆಥಿಲೀನ್ ಬ್ಲೂ ಇವು ಅವುಗಳಲ್ಲಿ ಸೇರಿವೆ. ಜ್ವರಕ್ಕೆ ಹದವಾಗಿ ಕೊಡುವ ಪ್ಯಾರಾಸಿಟಮಾಲ್‌ಗೆ ಅಂಜಬೇಡಿ. ಅಂಜಬೇಕಾದದ್ದು ಬಟ್ಟೆಯ ಕಪಾಟಿನಲ್ಲಿದೆ: ನುಸಿಗುಳಿಗೆ, ಇಲ್ಲಿಯವರು ಡಾಂಬರ್ ಗೋಲಿ ಎನ್ನುವ ನಾಫ್ತಲೀನ್. ಅದರ ಜೊತೆ ಮಡಿಸಿಟ್ಟ ಹಳೆಯ ಕುಲಾವಿ, ಹೊದಿಕೆಗಳನ್ನು ಎಳೆಗೂಸಿಗೆ ಹಾಗೇ ಹಾಕಬೇಡಿ. ಕೊರತೆಯಿರುವ ಮಗುವಿಗೆ ಅದರಿಂದ ತೀವ್ರ ಕಾಮಾಲೆ ಬರಬಹುದು.

ಕೊರತೆ ಇದ್ದವರಿಗೆ ವೈವಾಕ್ಸ್ ಬಂದರೂ ದಾರಿ ಇದೆ. ಪ್ರೈಮಾಕ್ವಿನ್ ಅನ್ನು ದಿನವೂ ಕೊಡದೆ ವಾರಕ್ಕೊಮ್ಮೆಯಂತೆ ಎಂಟು ವಾರ, ವೈದ್ಯರ ಕಣ್ಣೆದುರಿನಲ್ಲಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮನೆಯಲ್ಲಿ ನೀವೇ ಮಾಡಿಕೊಳ್ಳುವ ಕೆಲಸ ಅದಲ್ಲ. ಗರ್ಭಿಣಿಯರಿಗೆ ಆ ಮಾತ್ರೆ ಹೇಗೂ ಕೊಡುವುದಿಲ್ಲ.

ಹೈದರಾಬಾದ್, ಚೆನ್ನೈ ಕಡೆಯ ಓದುಗರಿಗಾಗಿ ಇನ್ನೊಂದು ಮಾತು. ಶಸ್ತ್ರಕ್ರಿಯೆಯ ಮುಂಚೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಮೆಥೋನಿಯಂ ಎಂಬ ಚುಚ್ಚುಮದ್ದಿನ ಪರಿಣಾಮ ಕೆಲವೇ ನಿಮಿಷ ಇರುತ್ತದೆ, ಅದನ್ನು ಕರಗಿಸುವ ಕಿಣ್ವ ಇದ್ದವರಿಗೆ. ದಕ್ಷಿಣದ ವೈಶ್ಯ ಸಮುದಾಯದಲ್ಲಿ ಆ ಕಿಣ್ವದ ಕೊರತೆ ಉಳಿದವರಿಗಿಂತ ಹೆಚ್ಚು. ಅಂಥವರಿಗೆ ಉಸಿರಾಟ ಗಂಟೆಗಟ್ಟಲೆ ತಾನಾಗಿ ಮರಳದೆ, ಯಂತ್ರದ ಮೇಲೆ ಇಡಬೇಕಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಎಚ್ಚರ ತಡವಾಗಿತ್ತು, ಮಾತ್ರೆ ನುಂಗಿ ಕಾಮಾಲೆ ಬಂದಿತ್ತು ಎಂಬ ನೆನಪಿದ್ದರೆ, ಡಾಕ್ಟರು ಕೇಳದಿದ್ದರೂ ನೀವಾಗಿ ಹೇಳಿ. ಜಿ6ಪಿಡಿ ಪರೀಕ್ಷೆಯ ಚೀಟಿ ಇದ್ದರೆ ರಕ್ತದ ಗುಂಪಿನ ಚೀಟಿಯ ಜೊತೆಯಲ್ಲೇ ಪರ್ಸಿನಲ್ಲಿ ಇಟ್ಟುಕೊಳ್ಳಿ. ಅದರಲ್ಲಿ ‘ನಾರ್ಮಲ್’ ಎಂದಷ್ಟೇ ಬರೆದಿದ್ದರೆ, ಅಂಕಿ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ.