ಲಿವರ್‌ಪೂಲ್‌ಗಿಂತ ಮೊದಲು: ಟೀಲ್‌ಮನ್ ಸೋದರರ ರಾಕ್ ಅಂಡ್ ರೋಲ್



ಅರವತ್ತರ ದಶಕದ ಯುರೋಪಿನ ರಾಕ್ ಎಂದೊಡನೆ ನಮ್ಮ ಮಾತು ಬೀಟಲ್ಸ್‌ನಿಂದ ಹೊರಟು ರೋಲಿಂಗ್ ಸ್ಟೋನ್ಸ್ ಹತ್ತಿರ ನಿಂತುಬಿಡುತ್ತದೆ. ಅವರಿಬ್ಬರಿಗೂ ಮೊದಲೇ ಯುರೋಪಿನ ವೇದಿಕೆಯಲ್ಲಿ ಧೂಳೆಬ್ಬಿಸಿದ ಟೀಲ್‌ಮನ್ ಬ್ರದರ್ಸ್ ತಂಡವನ್ನು ಇವತ್ತಿನ ಮಾತಿಗೆ ಆರಿಸಿಕೊಂಡಿದ್ದೇನೆ.

ಇವರು ಇಂಡೋನೇಷ್ಯದಲ್ಲಿ ಬೆಳೆದ ಮಿಶ್ರ ಮೂಲದ ಡಚ್ಚರು. ತಂದೆ ಹರ್ಮನ್ ಟೀಲ್‌ಮನ್ ಡಚ್ ವಸಾಹತು ಸೇನೆಯಲ್ಲಿದ್ದವರು, ಸಂಗೀತ ಬಲ್ಲವರು. ಪೊಂಟೊನ್, ರೆಗ್ಗಿ, ಆಂಡಿ, ಲೂಲು ಎಂಬ ನಾಲ್ವರು ಗಂಡುಮಕ್ಕಳೂ ಜೇನ್ ಎಂಬ ಮಗಳೂ ಸುರಬಾಯದಲ್ಲಿ ಎಳವೆಯಿಂದಲೇ ಹಾಡಿ ಕುಣಿದು ಹೆಸರಾಗಿದ್ದರು. ದೇಶ ಸ್ವತಂತ್ರವಾದ ಮೇಲೆ ಇಂಥ ಮನೆತನಗಳು ಅಲ್ಲಿಯೂ ಸಲ್ಲದ, ಇಲ್ಲಿಯೂ ಸಲ್ಲದ ಸ್ಥಿತಿಗೆ ಬಂದವು. ಎರಡು ದಶಕಗಳಲ್ಲಿ ಸುಮಾರು 3 ಲಕ್ಷ ಜನ ಹಡಗು ಹತ್ತಿ ನೆದರ್ಲೆಂಡ್ಸ್‌ಗೆ ಬಂದರು. 1957ರಲ್ಲಿ ಟೀಲ್‌ಮನ್ ಕುಟುಂಬವೂ ಬಂದು ಬ್ರೆಡಾ ಊರಿನಲ್ಲಿ ನೆಲೆಸಿತು.

ಮರುವರ್ಷ ಬ್ರಸೆಲ್ಸ್‌ನಲ್ಲಿ ವಿಶ್ವ ವಸ್ತುಪ್ರದರ್ಶನ. ಅಲ್ಲಿ ನುಡಿಸಿದ್ದೇ ತಡ, ತಂಡದ ದೆಸೆ ತಿರುಗಿತು. ಅದೇ 1958ರಲ್ಲಿ ಬೆಲ್ಜಿಯಂನಲ್ಲಿ ಹೊರಬಂದ ಇವರ ‘ರಾಕ್ ಲಿಟಲ್ ಬೇಬಿ ಆಫ್ ಮೈನ್’ ಧ್ವನಿಮುದ್ರಿಕೆಯನ್ನು ಡಚ್ ತಂಡವೊಂದರ ಮೊದಲ ರಾಕ್ ಅಂಡ್ ರೋಲ್ ಮುದ್ರಿಕೆ ಎಂದು ಗುರುತಿಸಲಾಗುತ್ತದೆ. ಬೀಟಲ್ಸ್‌ನ ಮೊದಲ ಹಾಡು ‘ಲವ್ ಮಿ ಡು’ ಬಂದದ್ದು 1962ರಲ್ಲಿ.

ಇವರ ಆಟವನ್ನು ಕೇಳಿದರೆ ಸಾಲದು, ನೋಡಬೇಕು. 1960ರ ಡಚ್ ಟೆಲಿವಿಷನ್ ಚಿತ್ರಣವೊಂದು ಉಳಿದುಬಂದಿದೆ. ಸೂಟು ತೊಟ್ಟ ಆಂಡಿ ಗಿಟಾರನ್ನು ತಲೆಯ ಹಿಂದಕ್ಕೆ ಒಯ್ದು ನುಡಿಸುತ್ತಾನೆ, ಹಲ್ಲಿನಿಂದ ಮೀಟುತ್ತಾನೆ, ನೆಲಕ್ಕಿಟ್ಟು ಕಾಲಿನಿಂದಲೂ ನುಡಿಸುತ್ತಾನೆ. ಆಳೆತ್ತರದ ಬಾಸ್ ವಾದ್ಯದ ತಂತಿಗಳ ಮೇಲೆ ಡ್ರಮ್ಮಿನ ಕಡ್ಡಿಗಳು ಬೀಳುತ್ತವೆ. ಇಷ್ಟೆಲ್ಲ ನಡೆದರೂ ತಾಳ ಎಲ್ಲಿಯೂ ತಪ್ಪುವುದಿಲ್ಲ! ಜಿಮಿ ಹೆಂಡ್ರಿಕ್ಸ್ ಹಲ್ಲಿನಿಂದ ಗಿಟಾರ್ ನುಡಿಸಿ ಲೋಕವನ್ನು ಬೆರಗಾಗಿಸಿದ್ದು ಇದಾದ ಎಷ್ಟೋ ವರ್ಷಗಳ ಮೇಲೆ. ಹಾಗೆಂದು ಆಂಡಿಯೇ ಆದಿಪುರುಷ ಎಂದು ನಾನು ಹೇಳಲಾರೆ. ಗಿಟಾರನ್ನು ತಲೆಯ ಹಿಂದೆ ಹಿಡಿಯುವ ಚಮತ್ಕಾರ ಅಮೆರಿಕದ ಟಿ-ಬೋನ್ ವಾಕರ್‌ನದು, ಅದು ಇನ್ನೂ ಹಳೆಯದು. ಆರು ತಂತಿಯ ಫೆಂಡರ್ ಗಿಟಾರ್‌ಗೆ ಮತ್ತೆ ನಾಲ್ಕು ತಂತಿ ಕೂಡಿಸಿ ಹತ್ತು ಮಾಡಿಕೊಂಡದ್ದು ಮಾತ್ರ ಆಂಡಿಯ ಸ್ವಂತ ಬುದ್ಧಿ.

ಇವರ ನಿಜವಾದ ಅನ್ನದ ಬಟ್ಟಲು ಪಶ್ಚಿಮ ಜರ್ಮನಿಯ ಕ್ಲಬ್ಬುಗಳು. ಅಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನಿಕರಿಗೆ ತಮ್ಮ ಊರಿನ ಸಂಗೀತ ಬೇಕಿತ್ತು, ಕೈಯಲ್ಲಿ ಡಾಲರ್ ಇತ್ತು. ರಾತ್ರಿಯಿಡೀ ನುಡಿಸುವ ತಂಡಗಳಿಗೆ ಬೇಡಿಕೆ ಇತ್ತು. ಟೀಲ್‌ಮನ್ನರ ಹಿಂದೆಯೇ ಇಂಡೋನೇಷ್ಯ ಮೂಲದ ಹಲವು ತಂಡಗಳು ಅದೇ ದಾರಿ ಹಿಡಿದವು. ಆ ಬಗೆಯ ಸಂಗೀತಕ್ಕೆ ಇಂಡೋ-ರಾಕ್ ಎಂಬ ಹೆಸರು ನಿಂತಿತು.

ಆದರೆ ಇವರನ್ನು ಎತ್ತಿಹಿಡಿದ ವೇದಿಕೆಯೇ ಇವರನ್ನು ಮರೆಸಿತು ಎಂಬುದು ನನ್ನ ಎಣಿಕೆ. ಕ್ಲಬ್ಬಿನ ಕೇಳುಗರಿಗೆ ಗೊತ್ತಿರುವ ಹಾಡೇ ಬೇಕು. ಹೊಸದನ್ನು ಕಟ್ಟಲು ಅಲ್ಲಿ ಪುರುಸೊತ್ತಿಲ್ಲ. 1963ರ ಹೊತ್ತಿಗೆ ಬೀಟಲ್ಸ್ ಸ್ವಂತ ಹಾಡುಗಳನ್ನು ಹಿಡಿದು ಬಂದಾಗ ಗಿಟಾರ್ ಚಳಕಕ್ಕಿಂತ ಹಾಡಿಗೇ ಬೆಲೆ ಬಂತು. 1967ರಲ್ಲಿ ‘ಲಿಟಲ್ ಬರ್ಡ್’ ನೆದರ್ಲೆಂಡ್ಸ್‌ನಲ್ಲಿ ಗೆದ್ದಿತಾದರೂ, ಹಳೆಯ ಅಬ್ಬರ ಮರಳಲಿಲ್ಲ. ಇತಿಹಾಸ ಬರೆಯುವವರು ಮುದ್ರಿಕೆಗಳ ಪಟ್ಟಿ ನೋಡುತ್ತಾರೆಯೇ ಹೊರತು ರಾತ್ರಿಗಳ ಲೆಕ್ಕ ಇಡುವುದಿಲ್ಲ. ಜೊತೆಗೆ, ವಸಾಹತಿನಿಂದ ಬಂದ ಕಂದುಬಣ್ಣದ ಹುಡುಗರನ್ನು ತಮ್ಮ ರಾಕ್ ಸಂಗೀತದ ಹಿರಿಯರೆಂದು ಒಪ್ಪಿಕೊಳ್ಳಲು ಡಚ್ ಸಮಾಜ ಹೊತ್ತು ತೆಗೆದುಕೊಂಡಿತು. ಆಂಡಿಗೆ ಆರೆಂಜ್-ನಸ್ಸೌ ರಾಜಗೌರವ ಸಂದದ್ದು 2005ರಲ್ಲಿ. ಅವರು ತೀರಿಕೊಂಡದ್ದು 2011ರಲ್ಲಿ.

ನೆರೆದಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ರಾಕ್ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಲಂಡನ್, ಲಿವರ್‌ಪೂಲ್‌ಗಳ ಜೊತೆಗೆ ಬ್ರೆಡಾ ಮತ್ತು ಸುರಬಾಯಗಳನ್ನೂ ಬರೆಯಿರಿ. ಬರೆಯುವ ಮೊದಲು ಆ 1960ರ ಚಿತ್ರಣವನ್ನು ಒಮ್ಮೆ ನೋಡಿ.