ಆಕಾರವೆಂಬ ಸಲಕರಣೆ



ದುಂಡು, ದಂಡ, ಸುರುಳಿ. ಬ್ಯಾಕ್ಟೀರಿಯಾದ ಪಾಠ ನಮಗೆಲ್ಲ ಶುರುವಾದದ್ದು ಈ ಮೂರು ಚಿತ್ರಗಳಿಂದ. ಪರೀಕ್ಷೆ ಮುಗಿದದ್ದೇ ಅವನ್ನು ಮರೆತೆವು. ರೋಗಾಣು ನಮ್ಮ ಮೈಯೊಳಗೆ ನೆಲೆ ಹುಡುಕಲು ತನ್ನ ಆಕಾರವನ್ನು ಹೇಗೆ ದುಡಿಸಿಕೊಳ್ಳುತ್ತದೆ ಎಂಬ ಪ್ರಶ್ನೆ ಈ ಗೋಷ್ಠಿಯ ನಡುವೆ ಬರಲಿ ಎಂಬುದು ನನ್ನ ಆಶಯ.

ಜಠರದ ಹೆಲಿಕೋಬ್ಯಾಕ್ಟರ್ ಪೈಲೋರಿಯನ್ನು ನೋಡಿ. ಅಷ್ಟು ಆಮ್ಲದಲ್ಲಿ ಯಾವ ಜೀವಿ ಉಳಿದೀತು ಎನ್ನುತ್ತಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ರಾಬಿನ್ ವಾರೆನ್ ಜಠರದ ಅಂಗಾಂಶದಲ್ಲಿ ಬಾಗಿದ ಕೋಶಗಳನ್ನು ಕಂಡರು. 1982ರಲ್ಲಿ ಅವರೂ ಬ್ಯಾರಿ ಮಾರ್ಷಲ್ ಅವರೂ ಈ ಬ್ಯಾಕ್ಟೀರಿಯಾವನ್ನು ಬೆಳೆಸಿಯೂ ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಜೀವಿ ಯೂರಿಯೇಸ್ ಕಿಣ್ವದಿಂದ ಅಮೋನಿಯಾ ಉಂಟುಮಾಡಿ ಸುತ್ತಲಿನ ಆಮ್ಲವನ್ನು ತಗ್ಗಿಸುತ್ತದೆ. ಆಗ ಗಟ್ಟಿ ಲೋಳೆ ಸಡಿಲವಾಗುತ್ತದೆ, ಸುರುಳಿ ಮೈ ಅದರೊಳಗೆ ನುಗ್ಗುತ್ತದೆ. ಕೋಶಭಿತ್ತಿಯನ್ನು ಕತ್ತರಿಸಿ ತಿದ್ದುವ ಕಿಣ್ವಗಳ ಜೀನ್ ತೆಗೆದರೆ ಮೈ ನೆಟ್ಟಗಾಗುತ್ತದೆ. ಅಂಥ ನೆಟ್ಟನೆಯ ತಳಿಗಳು ಇಲಿಗಳ ಜಠರದಲ್ಲಿ ಸರಿಯಾಗಿ ನೆಲೆಯೂರಲಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಆದರೆ ಆಕಾರಕ್ಕೆ ಇಲ್ಲದ ಶಕ್ತಿಯನ್ನು ಆರೋಪಿಸುವುದೂ ಬೇಡ. ಕಾಲರಾದ ವಿಬ್ರಿಯೊ ಬಾಗಿದ ದಂಡ. ಆ ಬಾಗು ಈಜಿಗೆ ನೆರವಾಗುತ್ತದೆ. ರೋಗಿಯನ್ನು ನೀರಿಲ್ಲದೆ ಒಣಗಿಸುವ ಭೇದಿ ಮಾತ್ರ ಅದು ಸ್ರವಿಸುವ ವಿಷದಿಂದ. ಇದನ್ನು 1959ರಲ್ಲಿ ಮೊಲದ ಕರುಳಿನಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ಶಂಭುನಾಥ ಡೇ. ನಮ್ಮ ಪಠ್ಯಗಳು ಅವರಿಗೆ ಕೊಡಬೇಕಾದ ಜಾಗ ಇನ್ನೂ ಕೊಟ್ಟಿಲ್ಲ. ಆಕಾರದಿಂದ ಗುರುತು ಹಿಡಿಯುವುದಕ್ಕೂ ಮಿತಿಯಿದೆ: ಗ್ರಾಂ ಬಣ್ಣದಲ್ಲಿ ಟೈಫಾಯ್ಡ್‌ನ ದಂಡಾಣುವೂ ಕರುಳಿನ ನಿರುಪದ್ರವಿ ಇ. ಕೊಲೈಯೂ ಒಂದೇ ತರಹದ ಕೆಂಪು ದಂಡಗಳು. ನೋಟದಿಂದ ಅವನ್ನು ಬೇರ್ಪಡಿಸಲಾಗದು.

ಕರಾವಳಿ, ಮಲೆನಾಡಿನ ವೈದ್ಯರಿಗೆ ಇಲಿಜ್ವರದ ಲೆಪ್ಟೊಸ್ಪೈರಾ ಪರಿಚಿತ. ಇಲಿಯ ಮೂತ್ರದಿಂದ ಗದ್ದೆಯ ನೀರಿಗೆ, ಅಲ್ಲಿಂದ ಒಡೆದ ಅಂಗಾಲಿನ ಮೂಲಕ ರಕ್ತಕ್ಕೆ ಅದರ ದಾರಿ. ತುದಿಗಳು ಕೊಕ್ಕೆಯಂತೆ ಬಾಗಿರುತ್ತವೆ. ಕಶಾಂಗಗಳು ಹೊರಪೊರೆಯ ಒಳಗೇ ಇರುವುದರಿಂದ ಇಡೀ ಮೈಯೇ ತಿರುಗುತ್ತ ಮುನ್ನುಗ್ಗುತ್ತದೆ. ದಪ್ಪ ಸುಮಾರು 0.1 ಮೈಕ್ರೊಮೀಟರ್. ಅಷ್ಟು ತೆಳುವಾದ್ದರಿಂದಲೇ ಗ್ರಾಂ ಬಣ್ಣ ಹಾಕಿದ ಸ್ಲೈಡಿನಲ್ಲಿ ಅದು ಸಿಗದು, ಕಪ್ಪು ಹಿನ್ನೆಲೆಯ ಸೂಕ್ಷ್ಮದರ್ಶಕ ಬೇಕು. ಅದರಲ್ಲೂ ರಕ್ತದ ಎಳೆಗಳು ಕಣ್ಣನ್ನು ಮೋಸಗೊಳಿಸುತ್ತವೆ. ಹಾಗಾಗಿ ಸ್ಲೈಡಿನಲ್ಲಿ ಏನೂ ಕಾಣಲಿಲ್ಲ ಎಂಬ ವರದಿಯಿಂದ ಇಲಿಜ್ವರವನ್ನು ತಳ್ಳಿಹಾಕುವಂತಿಲ್ಲ. ಮೊದಲ ವಾರದಲ್ಲಿ ರಕ್ತದ ಪಿಸಿಆರ್, ಆಮೇಲೆ ಪ್ರತಿಕಾಯ ಪರೀಕ್ಷೆ ನೆರವಿಗೆ ಬರುತ್ತವೆ. ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಚಿಕಿತ್ಸೆ ಶುರುವಾಗಬೇಕು.

ಸ್ಲೈಡಿನ ನೋಟವೊಂದೇ ಸಾಲದಾದ್ದರಿಂದ, ಮಧ್ಯಾಹ್ನದ ಗೋಷ್ಠಿಯಲ್ಲಿ ವೈದ್ಯರೂ ಪ್ರಯೋಗಾಲಯದವರೂ ಎದುರುಬದುರು ಕೂತು ಒಂದು ವಿಷಯವನ್ನು ತೀರ್ಮಾನಿಸಬೇಕೆಂದು ಕೋರುತ್ತೇನೆ. ಮಾದರಿಯ ಜೊತೆ ಬರುವ ಚೀಟಿಯಲ್ಲಿ ರೋಗಿಯ ಕಸುಬು, ಜ್ವರ ಬಂದು ಎಷ್ಟು ದಿನವಾಯಿತು, ಆ್ಯಂಟಿಬಯೋಟಿಕ್ ಆಗಲೇ ಕೊಟ್ಟಾಗಿದೆಯೇ ಎಂಬ ಮೂರು ಸಾಲುಗಳು ಇರಲೇಬೇಕು. ಯಾವ ಪರೀಕ್ಷೆ ಮಾಡಬೇಕೆಂದು ತಂತ್ರಜ್ಞರು ಗೊತ್ತುಮಾಡುವುದು ಅವುಗಳಿಂದಲೇ.