ಜೋಳದ ತೆನೆಯ ಸಾಲು ಎಣಿಸಿದ್ದು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, "ನೀನು ಬಿ.ಇ. ಓದಿದವನು, ಸಾಫ್ಟ್‌ವೇರ್ ಕೆಲಸದಲ್ಲಿದ್ದೀಯ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ" ಅಂದರು. ಆಗಲಿ ಅಂದೆ. ಆದರೆ ಕಂಪ್ಯೂಟರ್ ಬಗ್ಗೆ ಇಲ್ಲಿನ ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತಿದೆ ಎಂಬುದು ಬೆಳಿಗ್ಗೆ ಮೈಕ್‌ಸೆಟ್ಟಿಗೆ ಮೊಬೈಲ್ ಜೋಡಿಸಿಕೊಟ್ಟ ಹುಡುಗಿಯನ್ನು ನೋಡಿದಾಗಲೇ ಗೊತ್ತಾಯಿತು. ಹಾಗಾಗಿ ನನ್ನನ್ನು ಉಳಿಸಿದ ಒಂದು ಕಾದಂಬರಿಯ ಬಗ್ಗೆ, ಅದನ್ನು ಬರೆದ ವಿಜ್ಞಾನಿಯ ಬಗ್ಗೆ, ಅದನ್ನು ಓದಿ ನಾನು ಮಾಡಿಕೊಂಡ ಒಂದು ಎಡವಟ್ಟಿನ ಬಗ್ಗೆ ಹೇಳುತ್ತೇನೆ.

ಆ ವಿಜ್ಞಾನಿ ದೂರದವರಲ್ಲ. ರಿಂಗ್ ರೋಡಿನಲ್ಲಿ ಬಸ್ಸು ಹತ್ತಿ ಹೆಬ್ಬಾಳದಲ್ಲಿ ಇಳಿದು ಬಳ್ಳಾರಿ ರಸ್ತೆ ಹಿಡಿದರೆ ಜಿಕೆವಿಕೆ ಸಿಗುತ್ತದೆ, ನಮ್ಮ ಕೃಷಿ ವಿಶ್ವವಿದ್ಯಾಲಯ. ಇಲ್ಲಿ ಕೂತಿರುವ ಎಷ್ಟೋ ಹಿರಿಯರು ಕೃಷಿ ಮೇಳಕ್ಕೆ ಹೋಗಿ ರಾಗಿ ತಳಿ ನೋಡಿ, ಸಸಿ ಹಿಡಿದುಕೊಂಡು ಬಂದವರೇ. ಅಲ್ಲಿ ಪ್ರಾಧ್ಯಾಪಕರಾಗಿದ್ದವರು ಡಾ. ಕೆ.ಎನ್. ಗಣೇಶಯ್ಯ. ಗಿಡಮರಗಳ ವಿಕಾಸ, ಜೀವವೈವಿಧ್ಯ ಅವರ ಕ್ಷೇತ್ರ. 'ಕನಕ ಮುಸುಕು', 'ಕರಿಸಿರಿಯಾನ', 'ಚಿತಾದಂತ', 'ಏಳು ರೊಟ್ಟಿಗಳು' ಅವರ ಕಾದಂಬರಿಗಳಲ್ಲಿ ಕೆಲವು.

ವಿಜ್ಞಾನಿಗಳು ಕಥೆ ಬರೆಯುವುದು ನಮ್ಮ ದೇಶಕ್ಕೆ ಹೊಸದೇನಲ್ಲ. ಗಿಡಗಳ ಸ್ಪಂದನವನ್ನು ಅಳೆದ ಜಗದೀಶ್ ಚಂದ್ರ ಬೋಸ್ 1896ರಲ್ಲೇ ಬಂಗಾಳಿಯಲ್ಲಿ ಒಂದು ಕಥೆ ಬರೆದರು. ಅದರಲ್ಲಿ ಒಂದು ಬಾಟಲಿ ತಲೆಎಣ್ಣೆ ಸಮುದ್ರಕ್ಕೆ ಬಿದ್ದು ಚಂಡಮಾರುತವೇ ತಣ್ಣಗಾಗುತ್ತದೆ. ಸ್ಪರ್ಧೆ ನಡೆಸಿದ್ದು ತಲೆಎಣ್ಣೆ ಕಂಪನಿಯವರು, ಬಹುಮಾನವೂ ಬಂತು! ಖಗೋಳ ವಿಜ್ಞಾನಿ ಜಯಂತ ನಾರ್ಳಿಕರ್ ತಮ್ಮ ಮೊದಲ ಮರಾಠಿ ಕಥೆಯನ್ನು ಸ್ಪರ್ಧೆಗೆ ಕಳಿಸುವಾಗ ಇನಿಷಿಯಲ್‌ಗಳನ್ನು ತಿರುಗುಮುರುಗು ಮಾಡಿ ಬೇರೆ ಹೆಸರು ಇಟ್ಟುಕೊಂಡರು. ದೊಡ್ಡ ಹೆಸರು ನೋಡಿ ಬಹುಮಾನ ಕೊಟ್ಟರು ಅನ್ನಿಸಿಕೊಳ್ಳಬಾರದಲ್ಲ. ನಮ್ಮ ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಾದಂಬರಿಗೆ ದಾರಿ ಮಾಡಿದವರು.

ಈಗ ನನ್ನ ಕಥೆ. ಈ ಶಾಲೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಕಲಿತು ಒಳ್ಳೆಯ ಮಾರ್ಕ್ಸ್ ತೆಗೆದವನು ಇಂಜಿನಿಯರಿಂಗ್ ಕಾಲೇಜಿನ ಮೊದಲ ಸೆಮಿಸ್ಟರಿನಲ್ಲಿ ಕಲ್ಲುಗೊಂಬೆಯ ಹಾಗೆ ಕೂತಿದ್ದೆ. ಇಂಗ್ಲಿಷ್ ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಎರಡು ವಿಷಯ ಫೇಲಾದೆ. ವಿಜ್ಞಾನ ಎನ್ನುವುದು ಇಂಗ್ಲಿಷಿನವರ ಮನೆಯ ಆಸ್ತಿ, ನಾವು ಬಾಡಿಗೆಗೆ ಬಂದವರು ಎಂದು ಗಟ್ಟಿಯಾಗಿ ನಂಬಿಬಿಟ್ಟೆ. ಮನೆಯಲ್ಲಿ ಹೇಳಲಿಲ್ಲ. ಕಾಲೇಜು ಬಿಟ್ಟು ಅಪ್ಪನ ಜೊತೆ ಇದ್ದುಬಿಡೋಣ ಅಂದುಕೊಂಡೆ, ಆದರೆ ಅಷ್ಟು ಹೊತ್ತಿಗೆ ಅಪ್ಪನ ಹೊಲವೇ ಸೈಟುಗಳಾಗಿ ಹೋಗಿತ್ತು.

ಆಗ ಕಟಿಂಗ್ ಶಾಪಿನಲ್ಲಿ ಸರದಿಗೆ ಕಾಯುವಾಗ ಹಳೆಯ 'ಸುಧಾ'ದ ಒಂದು ಸಂಚಿಕೆ ಕೈಗೆ ಬಂತು. 'ಕನಕ ಮುಸುಕು' ಧಾರಾವಾಹಿಯ ನಡುವಿನ ಒಂದು ಕಂತು. ಮುಂದೇನಾಯಿತು ಎಂದು ತಿಳಿಯಲು ಅಂಗಡಿಯ ಮೂಲೆಯಲ್ಲಿದ್ದ ಕಟ್ಟನ್ನೇ ಬಿಚ್ಚಿ ಹುಡುಕಿದೆ. ನನ್ನ ಸರದಿ ಎರಡು ಸಲ ಬಂದು ಹೋಯಿತು. ಆಮೇಲೆ ಪುಸ್ತಕವನ್ನೇ ಕೊಂಡೆ. ಗಣೇಶಯ್ಯನವರ ಕಥೆಗಳಲ್ಲಿ ಒಂದು ವಿಚಿತ್ರವಿದೆ. ನಿಧಿ, ಸಂಕೇತ, ಬೆನ್ನಟ್ಟುವಿಕೆ ಎಲ್ಲ ಇರುತ್ತದೆ. ಜೊತೆಗೆ ಅಡಿಟಿಪ್ಪಣಿ, ಫೋಟೊ, ಯಾವ ಸಂಶೋಧನಾ ಲೇಖನದಿಂದ ಈ ವಿಷಯ ಬಂತು ಎಂಬ ಉಲ್ಲೇಖವೂ ಇರುತ್ತದೆ. ಪತ್ತೇದಾರಿ ಕಾದಂಬರಿಗೆ ಅಡಿಟಿಪ್ಪಣಿಯೇ ಎಂದು ಮೊದಲು ನಕ್ಕಿದ್ದೆ. ಆದರೆ ಊಹೆ, ಪುರಾವೆ, ಪ್ರಯೋಗ, ಅನುಮಾನ ಎಂಬ ಪದಗಳು ಕನ್ನಡದಲ್ಲಿ ಓಡಾಡುವುದನ್ನು ನೋಡಿದ ಮೇಲೆ ಕ್ಲಾಸಿನಲ್ಲಿ ಹೇಳುತ್ತಿದ್ದುದು ಸ್ವಲ್ಪ ಸ್ವಲ್ಪವಾಗಿ ಒಳಗೆ ಇಳಿಯತೊಡಗಿತು. ಫೇಲಾದ ಎರಡು ವಿಷಯ ಮುಂದಿನ ಸಲ ಕಟ್ಟಿ ಪಾಸಾದೆ. ಪೂರ್ತಿ ಪುಣ್ಯ ಕಾದಂಬರಿಗೆ ಕೊಡುವುದಿಲ್ಲ, ರಾತ್ರಿಯೆಲ್ಲ ಕೂತು ಓದಿದ್ದೂ ಇದೆ.

ಆ ಕಾದಂಬರಿಯ ಹಿಂದಿರುವ ಪ್ರಶ್ನೆ ಹೇಳುತ್ತೇನೆ. ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯ 13ನೇ ಶತಮಾನದ್ದು, ಹೊಯ್ಸಳರ ಕಾಲದ್ದು. ಹೊರಗೋಡೆಯ ಕೆಲವು ಶಿಲ್ಪಗಳ ಕೈಯಲ್ಲಿ ತೆನೆಯಂಥ ವಸ್ತು ಇದೆ. ನೋಡಿದರೆ ಥೇಟ್ ನಮ್ಮ ಮುಸುಕಿನ ಜೋಳ. ಆದರೆ ಮುಸುಕಿನ ಜೋಳ ಮೆಕ್ಸಿಕೋ ಕಡೆಯ ಬೆಳೆ. ಸುಮಾರು 9,000 ವರ್ಷಗಳ ಹಿಂದೆ ಅಲ್ಲಿನ ಜನ ಒಂದು ಕಾಡುಹುಲ್ಲನ್ನು ಪಳಗಿಸಿ ಮಾಡಿಕೊಂಡದ್ದು. ಕೊಲಂಬಸ್ ಅಮೆರಿಕ ತಲುಪಿದ್ದು 1492ರಲ್ಲಿ, ಅಲ್ಲಿನ ಬೆಳೆಗಳು ನಮ್ಮ ಕಡೆಗೆ ಬಂದದ್ದು ಅದಾದ ಮೇಲೆ ಎನ್ನುವುದು ಎಲ್ಲರೂ ಒಪ್ಪಿರುವ ಲೆಕ್ಕ. ಹಾಗಾದರೆ ಅದಕ್ಕಿಂತ ಇನ್ನೂರು ವರ್ಷ ಮೊದಲು ಕಲ್ಲುಕುಟಿಗನ ಕಣ್ಣಿಗೆ ಜೋಳ ಬಿದ್ದದ್ದು ಹೇಗೆ? 1989ರಲ್ಲಿ ಅಮೆರಿಕದ ಭೂಗೋಳ ಪ್ರಾಧ್ಯಾಪಕ ಕಾರ್ಲ್ ಜೋಹಾನೆಸ್ಸನ್ ಮತ್ತು ಆನ್ ಪಾರ್ಕರ್ ಇದು ಜೋಳವೇ ಎಂದು ವಾದಿಸಿ ಲೇಖನ ಪ್ರಕಟಿಸಿದರು. ಕಾದಂಬರಿಕಾರನಿಗೆ ಇದಕ್ಕಿಂತ ಒಳ್ಳೆಯ ಎಳೆ ಎಲ್ಲಿ ಸಿಕ್ಕೀತು!

ನಾನಂತೂ ಪೂರ್ತಿ ನಂಬಿದೆ. ಕೆಲಸಕ್ಕೆ ಸೇರಿದ ಮೇಲೆ ಆಫೀಸಿನವರೆಲ್ಲ ಟೆಂಪೋ ಟ್ರಾವೆಲರ್ ಮಾಡಿಕೊಂಡು ಸೋಮನಾಥಪುರಕ್ಕೆ ಹೋದಾಗ ನಾನೇ ಗೈಡು. ಬೇರೆ ಬೇರೆ ರಾಜ್ಯದವರ ಮುಂದೆ ಎದೆಯುಬ್ಬಿಸಿ, "ಕೊಲಂಬಸ್‌ಗಿಂತ ಮೊದಲೇ ನಮ್ಮವರು ಅಮೆರಿಕದ ಜೊತೆ ವ್ಯಾಪಾರ ಮಾಡುತ್ತಿದ್ದರು, ಇದೇ ಪುರಾವೆ" ಎಂದು ಶಿಲ್ಪದ ಕೈ ತೋರಿಸಿದೆ. ಎಲ್ಲರೂ ಫೋಟೊ ಹೊಡೆದುಕೊಂಡರು. ಧಾರವಾಡದ ಕಡೆಯ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಮಾತ್ರ ಮೆಲ್ಲಗೆ, "ಸರ್, ಇದು ಗೋವಿನಜೋಳ ಅಲ್ಲ ಅಂತ ಯಾರೂ ಅಂದಿಲ್ಲೇನ್ರಿ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲೂ ಇಲ್ಲ. "ಯಾರೂ ಅಂದಿಲ್ಲ" ಎಂದುಬಿಟ್ಟೆ. ಅವಳು ವಾಪಸ್ ಬರುವ ದಾರಿಯಲ್ಲೇ ಮೊಬೈಲಿನಲ್ಲಿ ಹುಡುಕಿ ತೋರಿಸಿದಳು. ಮೆಕ್ಕೆಜೋಳದ ಮೇಲೆಯೇ ಕೆಲಸ ಮಾಡಿದ ಭಾರತದ ವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ 1993ರಲ್ಲಿ, ಅದೇ ಪತ್ರಿಕೆಯಲ್ಲಿ, ಇದು ಜೋಳವಲ್ಲ ಎಂದು ಬರೆದಿದ್ದರು. ಶಿಲ್ಪದ ಕೈಯಲ್ಲಿರುವುದು ಮುಕ್ತಾಫಲ, ಅಂದರೆ ಮುತ್ತು ಪೋಣಿಸಿದ ಕಾಲ್ಪನಿಕ ಹಣ್ಣು ಎನ್ನುವುದು ವಿರೋಧಿಸಿದವರ ವಾದ. ಮದ್ದೂರಿನಲ್ಲಿ ವಡೆ ತಿನ್ನುವಾಗಲೂ ನಾನು ತಲೆ ಎತ್ತಲಿಲ್ಲ. ಕಾದಂಬರಿ ನನಗೆ ಸುಳ್ಳು ಹೇಳಿರಲಿಲ್ಲ. ಅದು ತನ್ನನ್ನು ಕಾದಂಬರಿ ಎಂದೇ ಕರೆದುಕೊಂಡಿತ್ತು. ಅಡಿಟಿಪ್ಪಣಿಯನ್ನು ಅಲಂಕಾರ ಎಂದುಕೊಂಡು ಹಾರಿಸಿ ಓದಿದವನು ನಾನು.

ಅದಾದ ಮೇಲೆ ಗಣೇಶಯ್ಯನವರು ವಿಜ್ಞಾನಿಯಾಗಿ ಏನು ಬರೆದಿದ್ದಾರೆ ಎಂದು ಹುಡುಕಿದೆ. ಮಕ್ಕಳೇ, ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಹೊಂಗೆ ಕಾಯಿ ಎಲ್ಲರೂ ನೋಡಿದ್ದೀರಿ, ಅದನ್ನು ಎಸೆದಾಡಿ ಬೈಸಿಕೊಳ್ಳದೆ ಈ ಊರಿನಲ್ಲಿ ಹೈಸ್ಕೂಲು ಮುಗಿಸಿದವರು ಕಡಿಮೆ. ಅದರಲ್ಲಿ ಎಷ್ಟು ಬೀಜ? ಹೆಚ್ಚಾಗಿ ಒಂದೇ. ಆದರೆ ಹೂವಿನ ಅಂಡಾಶಯದಲ್ಲಿ ಇರುವುದು ಎರಡು ಅಂಡಕ. ಇನ್ನೊಂದು ಎಲ್ಲಿ ಹೋಯಿತು? ಗಣೇಶಯ್ಯ ಮತ್ತು ಅವರ ಸಂಗಡಿಗರು ಇದರ ಬಗ್ಗೆಯೇ 1999ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ತುದಿಯ ಕಡೆಯ ಅಂಡಕ ಬೀಜವಾಗಿ ಬೆಳೆಯುತ್ತದೆ, ತೊಟ್ಟಿನ ಕಡೆಯದು ಸಾಮಾನ್ಯವಾಗಿ ಸೊರಗಿ ಹೋಗುತ್ತದೆ. ಅದಕ್ಕೂ ಮೊದಲು, 1988ರಲ್ಲಿ, ಉಮಾಶಂಕರ್ ಅವರೊಂದಿಗೆ ಶಿಸ್ಸು ಮರದ ಕಾಯಿಯ ಬಗ್ಗೆ ಬರೆದ ಪ್ರಬಂಧದ ಶೀರ್ಷಿಕೆಯೇ ಒಂದು ಪ್ರಶ್ನೆ: ಬೀಜ ಸಾಯುವುದು ತಾಯಿಯ ನಿಯಂತ್ರಣದಿಂದಲೋ, ಒಡಹುಟ್ಟಿದವರ ಪೈಪೋಟಿಯಿಂದಲೋ? ಒಂದು ಕಾಯಿಯೊಳಗೆ ದಾಯಾದಿ ಜಗಳ! ಹೊಲ ಪಾಲಾದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಲೇಖನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ 2009ರಲ್ಲಿ ಬಂದದ್ದು. ಹನುಮಂತ ತಂದ ಸಂಜೀವಿನಿ ಯಾವ ಗಿಡವಿರಬಹುದು ಎಂಬ ಹುಡುಕಾಟ. ಆ ಹೆಸರನ್ನು ಹೋಲುವ ಹೆಸರು ಯಾವ ಯಾವ ಭಾರತೀಯ ಭಾಷೆಯಲ್ಲಿ ಯಾವ ಗಿಡಕ್ಕಿದೆ ಎಂದು ಪಟ್ಟಿ ಮಾಡಿ, ಬೆಳೆಯುವ ಜಾಗ, ಔಷಧಿ ಗುಣ ಎಂದು ಒಂದೊಂದೇ ಜರಡಿಯಲ್ಲಿ ಹಿಡಿದು, ಕೊನೆಗೆ ಬೆರಳೆಣಿಕೆಯ ಗಿಡಗಳಿಗೆ ತಂದು ನಿಲ್ಲಿಸುತ್ತಾರೆ. ಅದರಲ್ಲೊಂದು ಒಣಗಿ ಮುದುಡಿ, ನೀರು ತಾಗಿದರೆ ಮತ್ತೆ ಹಸಿರಾಗುವ ಸೆಲಾಜಿನೆಲ್ಲ. ಪುರಾಣವನ್ನು ಹಾಸ್ಯ ಮಾಡಲಿಲ್ಲ, ಕಣ್ಣು ಮುಚ್ಚಿ ಒಪ್ಪಲೂ ಇಲ್ಲ. ನನಗೆ ಅವರ ಕಾದಂಬರಿಗಳಲ್ಲಿ ಕೆಲವು ಕಡೆ ಪಾತ್ರಗಳು ಉಪನ್ಯಾಸ ಕೊಡುತ್ತವೆ ಅನ್ನಿಸಿದೆ. ಈ ಲೇಖನದಲ್ಲಿ ಹಾಗನ್ನಿಸಲಿಲ್ಲ, ಕಥೆಯ ಹಾಗೆ ಓದಿಸಿಕೊಂಡು ಹೋಯಿತು.

ಸೋಮನಾಥಪುರದ ಅವಮಾನವನ್ನು ಒಂದು ದಿನ ಅಪ್ಪನ ಹತ್ತಿರ ಹೇಳಿಕೊಂಡೆ. ಅಪ್ಪ ಏಳನೇ ತರಗತಿಗೆ ಓದು ಬಿಟ್ಟವರು. ರಾಗಿ, ಅವರೆ, ಬದುವಿನ ಪಕ್ಕ ನಾಲ್ಕು ಸಾಲು ಮುಸುಕಿನ ಜೋಳ ಬೆಳೆದವರು. ಕೇಳಿಸಿಕೊಂಡು, "ಸಾಲು ಎಣಿಸ್ದಾ?" ಅಂದರು. ಯಾವ ಸಾಲು ಅಂದೆ. "ಲೋ, ಇಷ್ಟು ವರ್ಷ ಜೋಳ ತಿಂದಿದ್ದೀಯ. ತೆನೇಲಿ ಕಾಳಿನ ಸಾಲು ಯಾವತ್ತೂ ಜೋಡಿ. ಹನ್ನೆರಡು, ಹದ್ನಾಕು, ಹದ್ನಾರು. ಒಂಟಿ ಬರಲ್ಲ."

ನಂಬಲಿಲ್ಲ. ಈ ಸಲ ಯಾರನ್ನೂ ಸುಮ್ಮನೆ ನಂಬಬಾರದು ಎಂದು ತೀರ್ಮಾನಿಸಿದ್ದೆನಲ್ಲ! ರೈಲ್ವೆ ಗೇಟಿನ ಹತ್ತಿರ ಗಾಡಿಯವನಿಂದ ಹತ್ತು ತೆನೆ ತಂದು, ಪೆನ್ನಿನಿಂದ ಒಂದು ಸಾಲಿಗೆ ಗುರುತು ಹಾಕಿ ಸುತ್ತ ಎಣಿಸಿದೆ. ಹದಿನಾಲ್ಕು, ಹದಿನಾರು, ಹದಿನಾಲ್ಕು, ಹನ್ನೆರಡು. ಹತ್ತೂ ಜೋಡಿ. ಆಮೇಲೆ ಓದಿ ತಿಳಿದದ್ದು: ತೆನೆಯಲ್ಲಿ ಹೂಗೊಂಚಲುಗಳು ಎರಡೆರಡಾಗಿಯೇ ಹುಟ್ಟುತ್ತವೆ, ಒಂದೊಂದು ಜೋಡಿಯಿಂದ ಎರಡು ಸಾಲು ಕಾಳು, ಹಾಗಾಗಿ ಲೆಕ್ಕ ಸಮಸಂಖ್ಯೆಯಲ್ಲೇ ನಿಲ್ಲುತ್ತದೆ. ಅಪ್ಪನಿಗೆ ಈ ಕಾರಣ ಗೊತ್ತಿರಲಿಲ್ಲ. ನನಗೆ ಕಾರಣವೂ ಗೊತ್ತಿರಲಿಲ್ಲ, ಸಂಗತಿಯೂ ಗೊತ್ತಿರಲಿಲ್ಲ.

ಕಳೆದ ವರ್ಷ ಅಪ್ಪನನ್ನು ಕರೆದುಕೊಂಡು ಮತ್ತೆ ಸೋಮನಾಥಪುರಕ್ಕೆ ಹೋದೆ. ಅಪ್ಪ ಒಳಗೆ ಹೋಗಿ ದೇವರಿಗೆ ಕೈ ಮುಗಿದು ಬಂದು, ಹೊರಗೋಡೆಯ ಮುಂದೆ ಕನ್ನಡಕ ಏರಿಸಿ ನಿಂತರು. ಒಂದು ಶಿಲ್ಪ, ಇನ್ನೊಂದು, ಮತ್ತೊಂದು. ಎದುರಿಗೆ ಕಾಣುವ ಸಾಲುಗಳನ್ನು ಬೆರಳು ತಾಗಿಸದೆ ಗಾಳಿಯಲ್ಲೇ ಎಣಿಸಿದರು. ಹಿಂಭಾಗ ಕಲ್ಲಿಗೆ ಅಂಟಿಕೊಂಡಿದೆ. "ಹಿಂದ್ಗಡೆ ಕಾಣ್ದೆ ಹೆಂಗೆ ಲೆಕ್ಕ ಹಾಕೋದು? ಜೋಳ ಅಂತಾನೂ ಅನ್ನಕ್ಕಾಗಲ್ಲ, ಅಲ್ಲ ಅಂತಾನೂ ನಾನ್ ಹೇಳಲ್ಲ" ಅಂದರು. ಪುರಾವೆ ನೋಡಿದರೆ ನನ್ನ ಮನಸ್ಸು ಈಗ ಮುಕ್ತಾಫಲದ ಕಡೆಗೇ ವಾಲುತ್ತದೆ. ಅದನ್ನು ಅಪ್ಪನಿಗೆ ಹೇಳಿದೆ. ಒಪ್ಪಲಿಲ್ಲ. ಬನ್ನೂರಿನವರೆಗೂ ವಾದ ಮಾಡಿಕೊಂಡು ಬಂದೆವು.

ಇವತ್ತು ಶಾಲೆಯ ಗ್ರಂಥಾಲಯಕ್ಕೆ ಗಣೇಶಯ್ಯನವರ ಕಾದಂಬರಿಗಳನ್ನು ತಂದಿದ್ದೇನೆ. ಜೊತೆಗೆ ಜೋಳದ ಬಗ್ಗೆ ಎರಡೂ ಕಡೆಯವರು ಬರೆದ ಲೇಖನಗಳ ಪ್ರತಿ, ಹೊಂಗೆ ಕಾಯಿಯ ಪ್ರಬಂಧದ ಪ್ರತಿ ಇದೆ. ಅವು ಇಂಗ್ಲಿಷಿನಲ್ಲಿವೆ, ಮುಖ್ಯವಾದ ಭಾಗಗಳನ್ನು ಕನ್ನಡಕ್ಕೆ ಮಾಡಿ ಹಾಳೆ ಅಂಟಿಸಿದ್ದೇನೆ. ತಪ್ಪಿದ್ದರೆ ಗುರುಗಳು ಕೆಂಪು ಇಂಕಿನಲ್ಲಿ ತಿದ್ದಬಹುದು, ಅಭ್ಯಾಸವಿದೆ. ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ ಮಾಡಿದ್ದೆ, ಒಪ್ಪಿದ್ದಾರೆ: ಈ ಪುಸ್ತಕಗಳ ಅಂಚಿನಲ್ಲಿ ಮಾತ್ರ ಮಕ್ಕಳು ಪೆನ್ಸಿಲಿನಲ್ಲಿ ಬರೆಯಬಹುದು. ಹೊರಗೆ ಬೆಂಚಿನ ಮೇಲೆ ಒಂದು ಮಂಕರಿ ತುಂಬ ಮುಸುಕಿನ ಜೋಳ ಇಟ್ಟಿದ್ದೇನೆ. ಊಟ ಆದ ಮೇಲೆ ಒಬ್ಬೊಬ್ಬರು ಒಂದೊಂದು ತೆಗೆದುಕೊಳ್ಳಿ. ಎಣಿಸಿದ ಮೇಲೆ ತಿನ್ನಿ. ಒಂಟಿ ಸಾಲಿನ ತೆನೆ ಯಾರಿಗಾದರೂ ಸಿಕ್ಕರೆ ಎರಡನೇ ಸಾಲಿನಲ್ಲಿ ಬಿಳಿ ಪಂಚೆ ಉಟ್ಟು ಕೂತಿರುವ ನಮ್ಮ ಅಪ್ಪನಿಗೆ ತೋರಿಸಿ.